ಗಾಳಿಮಾಮ ತೆಗೆದ ಬಾಗಿಲು

ಗಾಳಿಮಾಮನ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಹಿತ್ತಲಿನ ತಗಡಿನ ಶೆಡ್ಡಿನಿಂದ ಆಕ್ಸಿಜನ್ ಸಿಲಿಂಡರುಗಳನ್ನು ವಾರ್ಡುಗಳಿಗೆ ತರುವುದು, ಖಾಲಿಯಾದವನ್ನು ವಾಪಸು ಒಯ್ಯುವುದು. ಆಳೆತ್ತರದ ಸಿಲಿಂಡರನ್ನು ಒಂದು ಕಡೆ ವಾಲಿಸಿ, ಅದರ ಕತ್ತು ಹಿಡಿದು, ತಳದ ಅಂಚಿನ ಮೇಲೆ ತಿರುಗಿಸುತ್ತ ತಿರುಗಿಸುತ್ತ ಉದ್ದನೆಯ ಕಾರಿಡಾರಿನಲ್ಲಿ ನಡೆಸಿಕೊಂಡು ಬರುತ್ತಿದ್ದ. ಹಾಗೆ ವಾಲಿ ವಾಲಿ ಅವನ ಎಡಭುಜ ಬಲಭುಜಕ್ಕಿಂತ ನಾಲ್ಕು ಬೆರಳು ಕೆಳಗಿಳಿದಿತ್ತು. ಮೊದಲು ಒಂದು ಕೈಗಾಡಿ ಇತ್ತಂತೆ. ಅದರ ಚಕ್ರ ಮುರಿದಾಗ ಹೊಸದು ಕೊಡಿ ಎಂದು ಅರ್ಜಿ ಹಾಕಿದ. ಎಂಟು ತಿಂಗಳಾದ ಮೇಲೆ ಕಚೇರಿಯಿಂದ ಉತ್ತರ ಬಂತು: 'ಸಿಲಿಂಡರು ಸ್ವತಃ ಗುಂಡಗಿರುವುದರಿಂದ ಪ್ರತ್ಯೇಕ ಚಕ್ರದ ಅಗತ್ಯ ಕಂಡುಬರುವುದಿಲ್ಲ.' ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ. ಮಾಮ ಆ ಕಾಗದವನ್ನು ಶೆಡ್ಡಿನ ಗೋಡೆಗೆ ಅಂಟಿಸಿದ್ದ. ಬಂದವರಿಗೆಲ್ಲ ಓದಿಸುತ್ತಿದ್ದ, ತಾನು ಮಾತ್ರ ನಗುತ್ತಿರಲಿಲ್ಲ.

ನಾನು ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹಿರಿಯ ನರ್ಸಾಗಿದ್ದೆ. ಹಾಗಾಗಿ ಈ ಕಥೆಯಲ್ಲಿ ನನ್ನದೂ ಒಂದು ಪಾಲಿದೆ, ಅದೇನೂ ಎದೆ ತಟ್ಟಿ ಹೇಳಿಕೊಳ್ಳುವಂಥದ್ದಲ್ಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬೀಗದ ಕೈ ನನ್ನ ಕಪಾಟಿನಲ್ಲೇ ಇತ್ತು.

ನಮ್ಮ ವಾರ್ಡಿನಲ್ಲಿ ಇದ್ದದ್ದು ಎಂಟು ಹಾಸಿಗೆ. ಚಳಿ ಶುರುವಾಗಿ ಎದೆಯಲ್ಲಿ ಕಫ ಕಟ್ಟುವ ಕಾಲ ಬಂತೆಂದರೆ ಇಪ್ಪತ್ತೈದು ಮೂವತ್ತು ಮಕ್ಕಳು. ಒಂದು ಹಾಸಿಗೆಗೆ ಇಬ್ಬರನ್ನು ಅಡ್ಡಡ್ಡ ಮಲಗಿಸುತ್ತಿದ್ದೆವು, ಉಳಿದವರು ತಾಯಂದಿರ ಜೊತೆ ಕಾರಿಡಾರಿನ ನೆಲದ ಮೇಲೆ. ಒಂದೇ ಸಿಲಿಂಡರು. ಅದರ ಕೊಳವೆಗೆ ಮಾಮನೇ ಎಲ್ಲಿಂದಲೋ ಹುಡುಕಿ ತಂದ ಕವಲು ಜೋಡಿಸಿ ಮೂರು ಮಕ್ಕಳ ಮೂಗಿಗೆ ಹಂಚುತ್ತಿದ್ದೆವು. ಯಾರ ತುಟಿ ಹೆಚ್ಚು ನೀಲಿಯಾಗಿದೆ ಎಂದು ನೋಡುವುದು, ಉಳಿದಿಬ್ಬರ ಕೊಳವೆಯನ್ನು ಬೆರಳಲ್ಲಿ ಹಿಸುಕುವುದು, ಮತ್ತೆ ಬಿಡುವುದು. ಇದಕ್ಕೆ ನಾವು ಚಿಕಿತ್ಸೆ ಅನ್ನುತ್ತಿದ್ದೆವು. ಹೊರಗೋಡೆಯ ಮೇಲೆ 'ಆರೋಗ್ಯ ಪ್ರತಿ ಮಗುವಿನ ಹಕ್ಕು' ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದರು. ಒಂದೊಂದು ಅಕ್ಷರವೂ ಎರಡು ವರ್ಷದ ಮಗುವಿನಷ್ಟು ಎತ್ತರ. ಬಣ್ಣ ಮಾಸಿದಾಗಲೆಲ್ಲ ಹೊಸದಾಗಿ ಬಳಿಸುತ್ತಿದ್ದರು. ಆ ಒಂದು ವಿಷಯದಲ್ಲಿ ಕಚೇರಿಯವರು ಎಂದೂ ತಡಮಾಡಿದ್ದಿಲ್ಲ.

ಹಾಗಿರುವಾಗ ಹೊಸ ವಾರ್ಡು ಕಟ್ಟಿದರು. ನಮ್ಮ ವಾರ್ಡಿಗೂ ಅದಕ್ಕೂ ನಡುವೆ ಒಂದೇ ಗೋಡೆ. ಹನ್ನೆರಡು ಹಾಸಿಗೆ, ಪ್ರತಿ ಹಾಸಿಗೆಯ ತಲೆಯ ಬಳಿ ಗೋಡೆಯಿಂದಲೇ ಆಕ್ಸಿಜನ್ ಬರುವ ನಲ್ಲಿ, ಒಳಗೇ ಒಂದು ಪುಟ್ಟ ಕೋಣೆಯಲ್ಲಿ ಸಾಲಾಗಿ ಪೈಪಿಗೆ ಜೋಡಿಸಿದ ಎಂಟು ತುಂಬಿದ ಸಿಲಿಂಡರು. ಗೋಡೆಯ ತುಂಬ ಆನೆ, ಮೊಲ, ಬಲೂನು. ಎಲ್ಲ ಮುಗಿಯಿತು, ಕಂಟ್ರಾಕ್ಟರು ಹೋದ, ಬಾಗಿಲಿಗೆ ಬೀಗ ಬಿತ್ತು. ಯಾಕೆಂದರೆ ಉದ್ಘಾಟನೆ ಆಗಬೇಕಿತ್ತು. ಉದ್ಘಾಟನೆಗೆ ಮಂತ್ರಿಗಳು ಬರಬೇಕಿತ್ತು, ಮಂತ್ರಿಗಳಿಗೆ ಪುರುಸೊತ್ತು ಇರಲಿಲ್ಲ. ನಾಲ್ಕು ತಿಂಗಳಲ್ಲಿ ನಾಲ್ಕು ಸಲ ದಿನ ಗೊತ್ತಾಗಿ ನಾಲ್ಕು ಸಲವೂ ಮುಂದಕ್ಕೆ ಹೋಯಿತು. ಬಾಗಿಲಿಗೆ ಅಡ್ಡ ಕಟ್ಟಿದ ಕೆಂಪು ರಿಬ್ಬನ್ನು ಬಿಸಿಲಿಗೆ ಬಿಳುಚಿಕೊಂಡಿತೆಂದು ದೊಡ್ಡ ಡಾಕ್ಟರು ಇನ್ನೊಂದು ತರಿಸಿದರು. ದೊಡ್ಡ ಡಾಕ್ಟರು ಎಂದರೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರು. ಹದಿನೈದು ವರ್ಷದಿಂದ ಅವರು ಯಾವ ಮಗುವಿನ ಎದೆಗೂ ಸ್ಟೆತಸ್ಕೋಪ್ ಇಟ್ಟಿರಲಿಲ್ಲ. ಆದರೆ ಮಕ್ಕಳ ಆರೋಗ್ಯದ ಹಕ್ಕಿನ ಬಗ್ಗೆ ಅವರಷ್ಟು ಚೆನ್ನಾಗಿ ಮಾತಾಡುವವರು ಆ ಸೀಮೆಯಲ್ಲೇ ಇರಲಿಲ್ಲ. ಆ ಬಗ್ಗೆ ಇದ್ದ ಎಲ್ಲ ಸಮಿತಿಗಳಲ್ಲೂ ಅವರು ಇದ್ದರು.

ಪೈಪು ಹಾಳಾಗಬಾರದೆಂದು ವಾರಕ್ಕೊಮ್ಮೆ ಬೀಗ ತೆಗೆದು, ನೆಲ ಒರೆಸಿ, ಹನ್ನೆರಡೂ ನಲ್ಲಿ ತಿರುಗಿಸಿ ನೋಡುವ ಕೆಲಸ ಮಾಮನದಾಗಿತ್ತು. ನನ್ನ ಹತ್ತಿರ ಬೀಗದ ಕೈ ಇಸಕೊಂಡು ಹೋಗುತ್ತಿದ್ದ. ಹನ್ನೆರಡು ಖಾಲಿ ಹಾಸಿಗೆಯ ಮೇಲೆ ಸುಯ್ಯೆಂದು ಆಕ್ಸಿಜನ್ ಬಿಟ್ಟು, ಸರಿಯಾಗಿದೆ ಎಂದು ಪುಸ್ತಕದಲ್ಲಿ ಗುರುತು ಹಾಕಿ, ಬಾಗಿಲು ಮುಚ್ಚಿಕೊಂಡು ಬರುತ್ತಿದ್ದ. ಗೋಡೆಯ ಈಚೆ ಮೂರು ಮಕ್ಕಳು ಒಂದು ಕೊಳವೆಗೆ ಕಿತ್ತಾಡುತ್ತಿದ್ದವು. ಒಂದು ದಿನ ಅವನು ಕಾರಿಡಾರಿನಲ್ಲಿ ದೊಡ್ಡ ಡಾಕ್ಟರನ್ನು ತಡೆದು, ಉದ್ಘಾಟನೆ ಆದಾಗ ಆಗಲಿ, ಅಲ್ಲಿಯವರೆಗೆ ಮಕ್ಕಳನ್ನು ಅಲ್ಲಿ ಮಲಗಿಸಬಾರದೇ ಎಂದು ಕೇಳಿದ. ದೊಡ್ಡ ಡಾಕ್ಟರು ನಗುನಗುತ್ತಲೇ, ಉದ್ಘಾಟನೆಯಾಗದ ವಾರ್ಡು ದಾಖಲೆಯ ಪ್ರಕಾರ ಇನ್ನೂ ಇಲ್ಲವೇ ಇಲ್ಲ ಎಂದು ತಿಳಿಹೇಳಿದರು.

"ಇಲ್ಲದ ವಾರ್ಡನ್ನ ನಾನು ವಾರಾವಾರ ಒರೆಸ್ತಾ ಇದ್ದೀನಲ್ಲ ಸಾರ್," ಅಂದ ಮಾಮ, "ನನಗೇನು ತಲೆ ಕೆಟ್ಟಿದೆಯಾ?"

ಅವರು ಅದನ್ನು ತಮಾಷೆ ಎಂದುಕೊಂಡು ಅವನ ಬೆನ್ನು ತಟ್ಟಿ ಮುಂದೆ ಹೋದರು.

ಐದನೆಯ ಸಲ ಶುಕ್ರವಾರ ಎಂದು ಗೊತ್ತಾಯಿತು. ಈ ಸಲ ಖಂಡಿತ ಅಂದರು. ಹೊಸ ರಿಬ್ಬನ್ನು ಸೋಮವಾರವೇ ಬಾಗಿಲಿಗೆ ಬಂತು. ವಾರದ ತಪಾಸಣೆ ಬೇಡ, ಶುಕ್ರವಾರದ ತನಕ ಯಾರೂ ಒಳಗೆ ಕಾಲಿಡಕೂಡದು ಎಂದು ಆಜ್ಞೆಯಾಯಿತು. ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ಸಿಲಿಂಡರು ಮುಗಿಯುತ್ತ ಬಂತು. ಶೆಡ್ಡಿನಲ್ಲಿ ಇದ್ದದ್ದೆಲ್ಲ ಖಾಲಿ. ತುಂಬಿದವನ್ನು ತರುವ ಲಾರಿ ಹಿಂದಿನ ದಿನವೇ ಬರಬೇಕಿತ್ತು, ದಾರಿಯಲ್ಲಿ ಕೆಟ್ಟು ನಿಂತಿತ್ತು. ಕೊಳವೆ ಹಚ್ಚಿದ್ದ ಮೂವರಲ್ಲಿ ಇಬ್ಬರು ಗಂಡುಮಕ್ಕಳು, ಒಂದು ಎಂಟು ತಿಂಗಳ ಹೆಣ್ಣುಮಗು. ಆ ಹೆಣ್ಣುಮಗುವಿನ ತಾಯಿ ಇಟ್ಟಿಗೆ ಹೊರುವವಳು. ತಲೆಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ಕೆಲಸದಿಂದ ನೇರವಾಗಿ ಬಂದಿದ್ದಳು. ಮಗು ನಿಮಿಷಕ್ಕೆ ಎಪ್ಪತ್ತು ಸಲ ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಹೊಟ್ಟೆ ಗುಳಿ ಬೀಳುತ್ತಿತ್ತು.

ನಮ್ಮ ಚಿಕ್ಕ ಡಾಕ್ಟರು, ಓದು ಮುಗಿಸಿ ವರ್ಷ ತುಂಬಿರದ ಹುಡುಗಿ, ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು. ಹೊಸ ವಾರ್ಡು ತೆಗೆಯಲು ಅಪ್ಪಣೆ ಬೇಕು ಅಂದಳು. ಅವರು ಸಭೆಯಲ್ಲಿದ್ದಾರೆ ಎಂದು ಉತ್ತರ ಬಂತು. ಯಾವ ಸಭೆ ಎಂದು ಕೇಳಿದರೆ, ಮಕ್ಕಳ ಆರೋಗ್ಯ ಹಕ್ಕಿನ ಸಮಿತಿಯ ಸಭೆ. ಕಾಲು ಗಂಟೆ ಬಿಟ್ಟು ಮತ್ತೆ ಮಾಡಿದಳು. ಬರವಣಿಗೆಯಲ್ಲಿ ಕಳಿಸಲು ಹೇಳಿದ್ದಾರೆ ಎಂದರು. ಅವಳು ಅರ್ಧ ಹಾಳೆ ಬರೆದು ಕಳಿಸಿದಳು. ಅದು ವಾಪಸು ಬಂತು, ವಿಭಾಗದ ಮೊಹರು ಇರಲಿಲ್ಲವಂತೆ. ಮೊಹರು ಇದ್ದ ಗುಮಾಸ್ತ ಶುಕ್ರವಾರದ ಪೆಂಡಾಲು ನೋಡಲು ಹೋಗಿದ್ದ.

ಮಾಮ ಸಿಲಿಂಡರಿನ ಪಕ್ಕದಲ್ಲೇ ನಿಂತಿದ್ದ. ಗಾಜಿನ ನಳಿಗೆಯೊಳಗೆ ಮೇಲೆ ತೇಲಬೇಕಾದ ಪುಟ್ಟ ಗುಂಡು ಒಂದೊಂದೇ ಗೆರೆ ಇಳಿಯುವುದನ್ನು ನೋಡುತ್ತಿದ್ದ. ಅದು ಕೊನೆಯ ಗೆರೆಗೆ ಬಂದಾಗ ನನ್ನ ಕಡೆ ತಿರುಗಿದ.

"ಸಿಸ್ಟರ್, ಬೀಗದ ಕೈ ಕೊಡಿ."

ಬೀಗದ ಕೈ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನಗೆ ಆಗ ಏನು ನೆನಪಾಯಿತು ಎಂದು ಹೇಳಿದರೆ ನಿಮಗೆ ನಗು ಬರಬೇಕು. ಬೀಗದ ಕೈ ನನ್ನ ವಶಕ್ಕೆ ಕೊಡುವಾಗ ನನ್ನಿಂದ ಸಹಿ ಹಾಕಿಸಿಕೊಂಡ ಪುಸ್ತಕ ನೆನಪಾಯಿತು. ದೊಡ್ಡ ಡಾಕ್ಟರನ್ನು ಒಂದು ಮಾತು ಕೇಳೋಣ, ಮೊಹರು ಬಂದುಬಿಡಲಿ ಎಂದು ಏನೋ ತೊದಲಿದೆ.

"ಕೇಳಿ ಸಿಸ್ಟರ್. ನೀವು ಕೇಳ್ತಾ ಇರಿ," ಅಂದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸಿಲಿಂಡರಿನ ಬಾಯಿ ತಿರುಗಿಸುವ ಉದ್ದನೆಯ ಸ್ಪ್ಯಾನರನ್ನು ಸೊಂಟದಿಂದ ತೆಗೆದುಕೊಂಡು ಹೊರಗೆ ಹೋದ.

ನಾವು ಕೇಳಿದ್ದು ಮೂರು ಪೆಟ್ಟಿನ ಸದ್ದು. ಬೀಗ ಗಟ್ಟಿಯಾಗಿತ್ತು, ಅದನ್ನು ಸಿಕ್ಕಿಸಿದ್ದ ಚಿಲಕದ ಕೊಂಡಿ ಕಂಟ್ರಾಕ್ಟರನದು, ಮೂರನೆಯ ಪೆಟ್ಟಿಗೆ ಮೊಳೆ ಸಮೇತ ಕಿತ್ತು ಬಂತು. ರಿಬ್ಬನ್ನನ್ನು ಅವನು ಹರಿಯಲಿಲ್ಲ. ಗಂಟು ಬಿಚ್ಚಿ, ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ. ಒಳಗಿನ ಕೋಣೆಗೆ ಹೋಗಿ ಸಿಲಿಂಡರಿನ ಬಾಯಿ ತೆರೆದು ಬಂದು, ಇಟ್ಟಿಗೆ ಹೊರುವವಳ ಎದುರು ನಿಂತು, "ಮಗೂನ ಎತ್ಕೊಳ್ಳಮ್ಮ, ಬಾ" ಅಂದ. ಅವಳು ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಿದೆ. ಅವಳು ಅವನ ಹಿಂದೆ ನಡೆದಳು.

ಚಿಕ್ಕ ಡಾಕ್ಟರು ಫೋನು ಕೆಳಗಿಟ್ಟು ಉಳಿದಿಬ್ಬರಲ್ಲಿ ಒಬ್ಬನನ್ನು ತಾನೇ ಎತ್ತಿಕೊಂಡು ಓಡಿದಳು. ಆಮೇಲೆ ನಾನೂ ಹೋದೆ, ಮೂರನೆಯವನನ್ನು ಎತ್ತಿಕೊಂಡು. ಬಾಗಿಲು ತೆರೆದ ಮೇಲೆ ಒಳಗೆ ಹೋಗುವುದಕ್ಕೆ ಧೈರ್ಯವೇನೂ ಬೇಕಾಗಿರಲಿಲ್ಲ. ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆ ಹರಿದು, ಮೂವರಿಗೂ ಬೇರೆ ಬೇರೆ ಕೊಳವೆ ಹಚ್ಚಿದೆವು. ಅರ್ಧ ಗಂಟೆಯೊಳಗೆ ಹೆಣ್ಣುಮಗುವಿನ ತುಟಿಯ ಬಣ್ಣ ತಿರುಗಿತು. ಕಾರಿಡಾರಿನಲ್ಲಿ ಮಲಗಿದ್ದ ತಾಯಂದಿರಿಗೆ ಯಾರೂ ಕರೆ ಕಳಿಸಲಿಲ್ಲ. ಅವರೇ ಒಬ್ಬೊಬ್ಬರಾಗಿ ಬಾಗಿಲಲ್ಲಿ ಇಣುಕಿದರು, ಮಾಮ ಕೈಸನ್ನೆ ಮಾಡಿದ. ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೆರಡು ಹಾಸಿಗೆಯೂ ಭರ್ತಿ.

ಮೂವರಲ್ಲಿ ಇಬ್ಬರು ಉಳಿದುಕೊಂಡರು. ನಾನು ಎತ್ತಿಕೊಂಡು ಹೋದ ಗಂಡುಮಗು ಆ ಸಂಜೆ ಐದು ಗಂಟೆಗೆ ಹೋಗಿಬಿಟ್ಟಿತು. ಎರಡು ದಿನ ಹಂಚಿಕೊಂಡು ಉಸಿರಾಡಿ ಅದಕ್ಕೆ ಸಾಕಾಗಿತ್ತು. ಆ ಎರಡು ದಿನವೂ ಬೀಗದ ಕೈ ನನ್ನ ಕಪಾಟಿನಲ್ಲಿತ್ತು.

ದೊಡ್ಡ ಡಾಕ್ಟರು ಸಭೆ ಮುಗಿಸಿ ಬರುವ ಹೊತ್ತಿಗೆ ಆ ಹಾಸಿಗೆಗೆ ಕಾರಿಡಾರಿನ ಇನ್ನೊಂದು ಮಗು ಬಂದಿತ್ತು. ಅವರು ನೋಡಿದ್ದು ಮೊದಲು ಚಿಲಕ, ಆಮೇಲೆ ಮಕ್ಕಳು. ಮುಖ ಕೆಂಪಗಾಯಿತು. ಮಕ್ಕಳನ್ನೆಲ್ಲ ಈ ಕ್ಷಣ ಹಳೆ ವಾರ್ಡಿಗೆ ಸಾಗಿಸಿ, ಶುಕ್ರವಾರ ಮಂತ್ರಿಗಳು ಬಂದು ಹೋದ ಮೇಲೆ ಬೇಕಾದರೆ ವಾಪಸು ತನ್ನಿ ಎಂದು ನನಗೆ ಹೇಳಿದರು. ಹೇಳುವಾಗ ಅವರಿಗೆ ಅದು ತೀರಾ ಸಹಜವಾದ ಮಾತಾಗಿ ಕಂಡಿತ್ತು. ಒಂದು ಮೇಜನ್ನು ಈ ಕೋಣೆಯಿಂದ ಆ ಕೋಣೆಗೆ ಎಳೆಸುವಷ್ಟೇ ಸಹಜ. ಇಟ್ಟಿಗೆ ಹೊರುವವಳು ಮಗುವಿನ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಅವಳು ಎದ್ದು ನಿಲ್ಲಲಿಲ್ಲ.

"ನಾನು ಎತ್ತಲ್ಲ," ಅಂದಳು. "ಬೇಕಾದ್ರೆ ನೀವೇ ಎತ್ಕೊಂಡು ಹೋಗಿ. ಕೊಳವೆ ನೀವೇ ಕೀಳಿ."

ಅವರು ಕೈ ಹಾಕಲಿಲ್ಲ. ಕೊಳವೆ ಕೀಳುವುದು ಹೇಗೆಂದು ಅವರಿಗೆ ನೆನಪಿತ್ತೋ ಇಲ್ಲವೋ. ಉಳಿದ ಹನ್ನೊಂದು ತಾಯಂದಿರೂ ಹಾಸಿಗೆಗಳ ಮೇಲೆ ಕೂತರು. ಶುಕ್ರವಾರದ ತನಕ ಅವರು ಸರದಿಯ ಮೇಲೆ ಹೊರಗೆ ಹೋಗಿ ಬಂದರು, ಹಾಸಿಗೆ ಬಿಟ್ಟು ಎಲ್ಲರೂ ಒಟ್ಟಿಗೆ ಏಳಲೇ ಇಲ್ಲ.

ಶುಕ್ರವಾರ ಮಂತ್ರಿಗಳು ಬಂದೇಬಿಟ್ಟರು. ಚಿಲಕಕ್ಕೆ ಹೊಸ ಕೊಂಡಿ ಬಿದ್ದಿತ್ತು, ಬಾಗಿಲಿಗೆ ಮತ್ತೊಂದು ರಿಬ್ಬನ್ನು ಬಂದಿತ್ತು. ಒಳಗೆ ಹನ್ನೆರಡು ಮಕ್ಕಳು ಅಳುತ್ತಿರುವಾಗ ಹೊರಗೆ ಮುಚ್ಚಿದ ಬಾಗಿಲ ಮುಂದೆ ಕತ್ತರಿ ಆಡಿತು, ಚಪ್ಪಾಳೆ ಬಿತ್ತು, ಬಾಗಿಲು ತೆರೆಯಿತು. ಮಂತ್ರಿಗಳು ಒಂದು ಕ್ಷಣ ತಬ್ಬಿಬ್ಬಾದರು. ದೊಡ್ಡ ಡಾಕ್ಟರು ಮಾತ್ರ ಅಷ್ಟರಲ್ಲಿ ತಯಾರಾಗಿದ್ದರು. ಜನರ ಕಷ್ಟ ನೋಡಲಾರದೆ ಉದ್ಘಾಟನೆಗೂ ಕಾಯದೆ ವಾರ್ಡನ್ನು ಸೇವೆಗೆ ತೆರೆದಿದ್ದೇವೆ ಎಂದು ಕಿವಿಯಲ್ಲಿ ಉಸುರಿದರು. ಮಂತ್ರಿಗಳ ಮುಖ ಅರಳಿತು. ಇಟ್ಟಿಗೆ ಹೊರುವವಳ ಮಗುವಿನ ಕೆನ್ನೆ ಸವರಿ ಫೋಟೊ ತೆಗೆಸಿಕೊಂಡರು. ಭಾಷಣದಲ್ಲಿ ಪ್ರತಿ ಮಗುವಿಗೂ ಚಿಕಿತ್ಸೆ ಪಡೆಯುವ ಹಕ್ಕಿದೆ ಎಂದರು. ಇಂಥ ದಕ್ಷ ಅಧಿಕಾರಿ ಇರುವಾಗ ಆ ಹಕ್ಕಿಗೆ ಚ್ಯುತಿಯಿಲ್ಲ ಎಂದೂ ಸೇರಿಸಿದರು. ದೊಡ್ಡ ಡಾಕ್ಟರಿಗೆ ವೇದಿಕೆಯ ಮೇಲೆ ಪ್ರಶಂಸಾಪತ್ರ ಸಿಕ್ಕಿತು. ಗಾಳಿಮಾಮನಿಗೆ ಆ ದಿನ ಶೆಡ್ಡಿನಿಂದ ಹೊರಗೆ ಬರಕೂಡದೆಂದು ಹೇಳಿದ್ದರು. ಅವನು ಖಾಲಿ ಸಿಲಿಂಡರಿನ ಮೇಲೆ ಕೂತು ಧ್ವನಿವರ್ಧಕದಲ್ಲಿ ಎಲ್ಲವನ್ನೂ ಕೇಳಿದನಂತೆ.

ಎರಡು ವಾರ ಕಳೆದ ಮೇಲೆ ವಿಚಾರಣೆ ಶುರುವಾಯಿತು. ಸರ್ಕಾರಿ ಆಸ್ತಿಗೆ ಹಾನಿ, ಅಪ್ಪಣೆಯಿಲ್ಲದೆ ಸಿಲಿಂಡರು ಬಳಕೆ, ಉದ್ಘಾಟನೆಗೆಂದು ಕಟ್ಟಿದ್ದ ರಿಬ್ಬನ್ನಿನ ಅಪಹರಣ. ಜೊತೆಗೆ, ಮಗುವನ್ನು ಅನುಮತಿಯಿಲ್ಲದೆ ಸ್ಥಳಾಂತರಿಸಿದ್ದರಿಂದ ಸಾವು ಸಂಭವಿಸಿರಬಹುದೇ ಎಂಬ ಒಂದು ಸಾಲನ್ನೂ ಯಾರೋ ಸೇರಿಸಿದ್ದರು. ಅದನ್ನು ಬರೆದ ಕೈ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕ ಡಾಕ್ಟರು ಆ ಸಾಲು ಸುಳ್ಳೆಂದು ಎರಡು ಪುಟ ಬರೆದುಕೊಟ್ಟಳು, ಅವಳಿಗೆ ದೂರದ ಊರಿಗೆ ವರ್ಗವಾಯಿತು. ನನ್ನನ್ನೂ ಕರೆಸಿದರು. ಬೀಗದ ಕೈ ನನ್ನ ಬಳಿ ಇತ್ತು, ಕೇಳಿದಾಗ ನಾನು ಕೊಡಲಿಲ್ಲ, ಅವನು ಒಡೆದು ಒಳಗೆ ಹೋದ ಎಂದು ಹೇಳಿಕೆ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹೇಸಿಗೆಯ ಕೆಲಸವನ್ನು ಬರೀ ನಿಜ ಹೇಳಿಯೂ ಮಾಡಬಹುದು ಎಂದು ಆ ದಿನ ಕಲಿತೆ.

ವಿಚಾರಣೆಗೆ ಬಂದಿದ್ದ ಅಧಿಕಾರಿ ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೇಳುವವರು. ಒಬ್ಬ ಸಿಲಿಂಡರು ಹೊರುವವನು ಯಾರದೋ ಮಗುವಿಗಾಗಿ ಕೆಲಸ ಕಳೆದುಕೊಳ್ಳಲು ತಯಾರಾಗುತ್ತಾನೆ ಎಂಬುದು ಅವರ ತಲೆಗೆ ಹೋಗುತ್ತಿರಲಿಲ್ಲ. ಏನೋ ಸಂಬಂಧ ಇರಬೇಕು, ಇಲ್ಲದಿದ್ದರೆ ಯಾರೋ ಹೇಳಿಕೊಟ್ಟಿರಬೇಕು. ಸಾಕ್ಷಿಗಳ ಬೆಂಚಿನಲ್ಲಿ ಕೂತು ನಾನು ಆ ಮಾತುಗಳನ್ನು ಕೇಳಿದೆ.

"ಆ ಮಗು ನಿನಗೆ ಏನಾಗಬೇಕು?"

"ನನಗೇನೂ ಆಗಬೇಕಿಲ್ಲ ಸಾರ್."

"ಮತ್ತೆ ಬಾಗಿಲು ಯಾಕೆ ಒಡೆದೆ?"

"ಮಗೂಗೆ ಏನೂ ಆಗಬಾರದು ಅಂತ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವನನ್ನು ದಿಟ್ಟಿಸಿದರು. ಉಡಾಫೆಯೋ ಪೆದ್ದುತನವೋ ಗೊತ್ತಾಗಲಿಲ್ಲ. ರಿಬ್ಬನ್ನು ಯಾಕೆ ಕದ್ದೆ ಎಂದು ಕೇಳಿದರು. ಮಾಮ ಜೇಬಿನಿಂದ ಸುರುಳಿ ತೆಗೆದು ಮೇಜಿನ ಮೇಲಿಟ್ಟ. ಕತ್ತರಿಸಿಲ್ಲ, ಗಂಟು ಬಿಚ್ಚಿದ್ದು, ಇನ್ನೂ ಎರಡು ಮೂರು ಉದ್ಘಾಟನೆಗೆ ಆಗುತ್ತದೆ ಅಂದ. ಅದನ್ನು ಸಾಕ್ಷ್ಯವೆಂದು ಲಕೋಟೆಯಲ್ಲಿ ಹಾಕಿ ಅರಗು ಒತ್ತಿದರು.

ತೀರ್ಪಿನ ಕಾಗದ ಮೂರು ತಿಂಗಳಿಗೆ ಬಂತು. ಅದೇ ಕಡತದಲ್ಲಿ, ಒಂದು ಹಾಳೆಯ ಮೇಲೆ, ವಾರ್ಡನ್ನು ಸಕಾಲದಲ್ಲಿ ತೆರೆದದ್ದಕ್ಕಾಗಿ ದೊಡ್ಡ ಡಾಕ್ಟರಿಗೆ ಬಡ್ತಿಯ ಶಿಫಾರಸು. ಅದರ ಕೆಳಗಿನ ಹಾಳೆಯಲ್ಲಿ, ಅದೇ ವಾರ್ಡನ್ನು ಅದೇ ದಿನ ತೆರೆದದ್ದಕ್ಕಾಗಿ ಗಾಳಿಮಾಮನಿಗೆ ಶಿಕ್ಷೆ. ಎರಡಕ್ಕೂ ಒಬ್ಬರೇ ಸಹಿ ಹಾಕಿದ್ದರು. ಸಾವಿನ ಸಾಲನ್ನು ಮಾತ್ರ ಕೈಬಿಟ್ಟಿದ್ದರು. ಅದನ್ನು ಉಳಿಸಿಕೊಂಡಿದ್ದರೆ ಲಾರಿ ಯಾಕೆ ಬರಲಿಲ್ಲ, ಮೊಹರು ಎಲ್ಲಿತ್ತು ಎಂದೆಲ್ಲ ಕೇಳಬೇಕಾಗುತ್ತಿತ್ತು. ಮಾಮನನ್ನು ಆಕ್ಸಿಜನ್ ಕೆಲಸದಿಂದ ತೆಗೆದು ಆಸ್ಪತ್ರೆಯ ತೋಟದ ಕೆಲಸಕ್ಕೆ ಹಾಕಿದರು. ಆಸ್ಪತ್ರೆಗೆ ತೋಟ ಇರಲಿಲ್ಲ. ಗೇಟಿನ ಬಳಿ ಅರ್ಧ ಒಣಗಿದ ಒಂದು ಬೇಲಿ ಇತ್ತು.

ಸಿಲಿಂಡರಿನ ಕೆಲಸಕ್ಕೆ ಬೇರೆ ಯಾರನ್ನೂ ನೇಮಿಸಲಿಲ್ಲ. ಹೀಗಾಗಿ ನಿವೃತ್ತಿಯವರೆಗಿನ ಎರಡು ವರ್ಷ ಕಡತದ ಪ್ರಕಾರ ಮಾಮ ಗಿಡಕ್ಕೆ ನೀರು ಹಾಕಿದ. ಸಿಲಿಂಡರುಗಳು ತಾವಾಗಿಯೇ ಉರುಳಿಕೊಂಡು ವಾರ್ಡಿಗೆ ಬಂದವು ಎಂದು ಕಚೇರಿಯವರು ನಂಬಿದ್ದರೋ ಏನೋ. ವಾರ್ಡಿನಿಂದ ಯಾರಾದರೂ ಕಿಟಕಿಯಲ್ಲಿ ಕರೆದರೆ ಸಾಕು, ನೀರಿನ ಪೈಪು ಕೆಳಗೆ ಹಾಕಿ ಬರುತ್ತಿದ್ದ. ಬೇಲಿಯೂ ಚಿಗುರಿತು. ಅದನ್ನು ಅವನು ದೊಡ್ಡ ಸಾಧನೆಯೆಂಬಂತೆ ತೋರಿಸುತ್ತಿದ್ದ.

ಅವನು ನಿವೃತ್ತನಾದ ಮರುವರ್ಷ ನಾನೂ ಆದೆ. ಒಂದು ಮಧ್ಯಾಹ್ನ ಅವನ ಮನೆ ಹುಡುಕಿಕೊಂಡು ಹೋದೆ. ಎರಡು ಕೋಣೆಯ ಮನೆ, ಮುಂದಿನ ಕೋಣೆಯಲ್ಲಿ ಅವನ ಹೆಂಡತಿಯ ಹೊಲಿಗೆ ಯಂತ್ರ, ಕತ್ತರಿಸಿಟ್ಟ ಸ್ಕೂಲು ಸಮವಸ್ತ್ರಗಳ ರಾಶಿ. ಮಾಮ ಗುಂಡಿ ಹಚ್ಚುತ್ತಿದ್ದ. ನಾನು ಹೇಳಬೇಕೆಂದುಕೊಂಡು ಹೋಗಿದ್ದನ್ನೆಲ್ಲ ಹೇಳಿದೆ, ಬೀಗದ ಕೈ, ಹೇಳಿಕೆ, ಆ ಗಂಡುಮಗು. ಅವನು ಸೂಜಿಯಿಂದ ಕಣ್ಣೆತ್ತದೆ ಕೇಳಿದ.

"ನೀವು ಕೊಟ್ಟಿದ್ರೆ ಇಬ್ರೂ ಹೋಗ್ತಿದ್ವಿ ಸಿಸ್ಟರ್," ಅಂದ ಕೊನೆಗೆ. "ವಾರ್ಡಲ್ಲಿ ಕೊಳವೆ ಹಚ್ಚೋಕೆ ಯಾರಾದ್ರೂ ಇರಬೇಕಲ್ಲ."

ಹೆಂಡತಿ ಯಂತ್ರ ನಿಲ್ಲಿಸಿ, ಈ ಮನುಷ್ಯ ಎಲ್ಲರಿಗೂ ಹೀಗೇ ಒಂದೊಂದು ಸಬೂಬು ಹೊಲಿದು ಕೊಡ್ತಾನಮ್ಮ, ನೀವೇನೂ ಹಾಕ್ಕೋಬೇಡಿ ಅಂದಳು. ನಾನು ಹಾಕಿಕೊಳ್ಳಲಿಲ್ಲ. ಆ ಮಾತು ಹೇಳಿದವಳ ಮೇಲೆ ನನಗೆ ಅಂದಿನಿಂದ ಗೌರವ.

ಆಮೇಲೆ ಅವಳೇ ಹೇಳಿದ್ದು: ಅವರ ಬಡಾವಣೆಯ ಆರೋಗ್ಯ ಕೇಂದ್ರ ವಾರಕ್ಕೆ ಎರಡೇ ದಿನ ತೆಗೆಯುತ್ತದೆ, ಮಕ್ಕಳಿಗೆ ಜ್ವರ ಬರುವುದು ಉಳಿದ ಐದು ದಿನ. ಮಾಮ ಒಂದು ತಿಂಗಳಿಂದ ಆರೋಗ್ಯ ಇಲಾಖೆಯ ಕಚೇರಿಗೆ ತಿರುಗುತ್ತಿದ್ದಾನೆ, ಬಾಯಿಮಾತಿನ ದೂರು ತೆಗೆದುಕೊಳ್ಳುವುದಿಲ್ಲವಂತೆ. ಬರೆದುಕೊಡೋಕೆ ಯಾರೂ ಸಿಕ್ಕಿಲ್ಲ. ಮಾಮ ದಾರ ಕಡಿದು ನನ್ನ ಕಡೆ ನೋಡಿದ.

ನಾನು ಬರೆದೆ. ಸ್ಪಷ್ಟವಾಗಿ, ದಿನಾಂಕ ಹಾಕಿ, ಕೆಳಗೆ ನನ್ನ ಹೆಸರು, ಮೂವತ್ತು ವರ್ಷದ ಹುದ್ದೆ ಎಲ್ಲ ಹಾಕಿ. ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಸಾಹೇಬರು ಸಭೆಯಲ್ಲಿದ್ದಾರೆ, ನಾಳೆ ಬನ್ನಿ ಎಂದು ಗುಮಾಸ್ತ ಹೇಳಿದ. ಮಾಮ ಬಾಗಿಲಿನ ಪಕ್ಕದ ಬೆಂಚಿನ ಮೇಲೆ ಕೂತು ನನಗೂ ಜಾಗ ಮಾಡಿಕೊಟ್ಟ. ಸಂಜೆ ಕಚೇರಿ ಮುಚ್ಚುವವರೆಗೆ ಕೂತೆವು. ಮಾರನೆಯ ದಿನವೂ ಕೂತೆವು. ಸಮವಸ್ತ್ರ ಹೊಲಿಸಲು ಬರುತ್ತಿದ್ದ ಹೆಂಗಸರು ನಾಲ್ಕನೆಯ ದಿನದಿಂದ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು ಮೆಟ್ಟಿಲ ಮೇಲೆ ಕೂರತೊಡಗಿದರು. ಸಾಹೇಬರಿಗೆ ಒಳಗೆ ಹೋಗಲು ದಾರಿ ಸಾಲದೆ ಹೋಯಿತು. ಎಂಟನೆಯ ದಿನ ಅವರೇ ಹೊರಗೆ ಬಂದು ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು, ನಿಂತಲ್ಲೇ ಓದಿದರು. ಈಗ ಕೇಂದ್ರ ವಾರದಲ್ಲಿ ಐದು ದಿನ ತೆಗೆಯುತ್ತದೆ. ಉಳಿದೆರಡು ದಿನಕ್ಕೂ ಅರ್ಜಿ ಬರೆದು ಇಟ್ಟಿದ್ದೇನೆ.